ಏನೂ ಆಗದಿದ್ದ ಒಂದು ದಿನ

ಮಧುಗಿರಿಯಲ್ಲಿ ನಮ್ಮಣ್ಣನ ಹತ್ತಿರ ಬಟ್ಟೆ ಹೊಲಿಯಲು ಕೊಟ್ಟವರಿಗೆ ಎರಡು ಸಿಗುತ್ತವೆ. ಒಂದು, ಆ ದಿನದ ಚರಿತ್ರೆ. ಇನ್ನೊಂದು, ಬಟ್ಟೆ. ಮೊದಲನೆಯದು ಕೇಳದೆಯೇ ಸಿಗುತ್ತದೆ. ಎರಡನೆಯದಕ್ಕೆ ಚಪ್ಪಲಿ ಸವೆಸಬೇಕು!

ಕೋರ್ಟಿನ ಎದುರು ಸಾಲಿನಲ್ಲಿ ಅವನ ಟೈಲರ್ ಅಂಗಡಿ. ಬೆಳಿಗ್ಗೆ ಗೋಡೆ ಕ್ಯಾಲೆಂಡರಿನ ಹಾಳೆ ಹರಿದು ತಾರೀಕು ನೋಡಿದನೆಂದರೆ ಮುಗಿಯಿತು. ಹಿಂದೆ ಇದೇ ದಿನ ಏನು ನಡೆದಿತ್ತು ಎನ್ನುವುದು ನಾಲಿಗೆ ಮೇಲೆ ಬಂದು ಕೂರುತ್ತದೆ. ಅದೂ ಎಲ್ಲರಿಗೂ ಗೊತ್ತಿರುವುದಲ್ಲ, ಯಾರೂ ಬರೆದಿಡದ್ದು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು ಶಾಲೆಯ ಮಕ್ಕಳಿಗೂ ಗೊತ್ತು. ಆವತ್ತು ಕಳ್ಳಂಬೆಳ್ಳದ ನಮ್ಮಜ್ಜಿ ಏನು ಮಾಡಿದಳು ಎನ್ನುವುದು ಯಾರಿಗೆ ಗೊತ್ತು? ರೇಡಿಯೋ ಸುದ್ದಿ ಕೇಳಿದ ಅಜ್ಜಿ, ಚಂದ್ರನನ್ನು ನೋಡಿ ಬಿಡುವ ಸಂಕಷ್ಟಿ ಉಪವಾಸವನ್ನೇ ನಿಲ್ಲಿಸಿಬಿಟ್ಟಳು. "ಬೂಟುಗಾಲಿಟ್ಟ ಜಾಗಕ್ಕೆ ಹೆಂಗ್ಲಾ ಕೈ ಮುಗಿಯಾದು?" ಎಂದು ಅಣ್ಣನನ್ನೇ ಕೇಳಿದ್ದಳಂತೆ. ಎರಡು ತಿಂಗಳ ಮೇಲೆ ಮತ್ತೆ ಶುರು ಮಾಡಿದಳು. ಅಷ್ಟರಲ್ಲಿ ಮಳೆ ಬಂದು ಚಂದ್ರ ತೊಳೆದುಹೋಗಿರುತ್ತಾನೆ ಎಂದು ಅವಳ ಲೆಕ್ಕ! ಜುಲೈಯಲ್ಲಿ ಪ್ಯಾಂಟು ಹೊಲಿಸಲು ಬಂದವರೆಲ್ಲ ಈ ಕಥೆಯನ್ನು ಹೊತ್ತುಕೊಂಡೇ ಹೋಗಬೇಕು.

ಇಷ್ಟೆಲ್ಲ ಹೇಗೆ ಕೂಡಿಹಾಕಿದ ಎನ್ನುತ್ತೀರಾ? ಕುತ್ತಿಗೆಯ ಅಳತೆ ತೆಗೆಯುವಾಗ ಟೇಪು ಸುತ್ತಿ, ನಿಮ್ಮೂರಿಗೆ ಕರೆಂಟು ಬಂದದ್ದು ಯಾವತ್ತು, ಮೊದಲ ಬಲ್ಬು ಯಾರ ಮನೆಯಲ್ಲಿ ಉರಿಯಿತು ಎಂದು ಕೇಳುತ್ತಾನೆ. ಹೇಳುವವರೆಗೂ ಟೇಪು ಬಿಚ್ಚುವುದಿಲ್ಲ. ಕತ್ತು ಅವನ ಕೈಯಲ್ಲಿರುವಾಗ ಯಾರು ತಾನೇ ಹೇಳುವುದಿಲ್ಲ? ಹೀಗೆ ಊರೂರಿನ ದಿನಗಳೆಲ್ಲ ಅವನ ತಲೆಯಲ್ಲಿವೆ, ರವಿಕೆ ಕೊಡುವ ದಿನವೊಂದನ್ನು ಬಿಟ್ಟು.

ಫೆಬ್ರವರಿ ಬಂದರೆ ಎಂಬತ್ತರ ಇಸವಿಯ ಸೂರ್ಯಗ್ರಹಣ. ಊರಿಗೆ ಊರೇ ಬಾಗಿಲು ಹಾಕಿ ಒಳಗೆ ಕೂತಿತ್ತು. ಇವನೊಬ್ಬ ಪಾವಗಡದ ಬಸ್ಸು ಹತ್ತಿದ. ಡ್ರೈವರು, ಕಂಡಕ್ಟರು ಬಿಟ್ಟರೆ ಬಸ್ಸಿನಲ್ಲಿ ಇವನೇ. ಹೋದದ್ದು ಯಾತಕ್ಕೆ? ಹೆಣ್ಣು ನೋಡಲು! ಗ್ರಹಣದ ಹೊತ್ತಿನಲ್ಲಿ ಹೆಣ್ಣು ನೋಡುವವರುಂಟೇ? ನಮ್ಮಪ್ಪ ಬೈದ ಬೈಗುಳ ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತ್ತು. ಅಲ್ಲಿ ಬಾಗಿಲು ತಟ್ಟಿದರೆ ಹುಡುಗಿ ಬೆರಳಷ್ಟು ಸಂದು ಮಾಡಿ, ಆ ಕಡೆಯ ತೆಲುಗು ಬೆರೆಸಿ, "ಸೂರ್ಯ ಉನ್ನಾಡಾ, ಹೋದನಾ?" ಎಂದು ಕೇಳಿದಳಂತೆ. "ಅವನೂ ಅವ್ನೆ, ನಾನೂ ಇವ್ನಿ" ಎಂದನಂತೆ ಇವನು. ಅವಳೇ ನಮ್ಮತ್ತಿಗೆಯಾದಳು.

ಒಳ್ಳೆಯದನ್ನೇ ಹೇಳಿಕೊಂಡಿದ್ದರೆ ಯಾರ ತಂಟೆಯೂ ಇರುತ್ತಿರಲಿಲ್ಲ. ಶಿರಾದಲ್ಲಿ ನಮ್ಮ ನೆಂಟರ ಮದುವೆ. ಅಕ್ಷತೆ ಹಾಕಲು ಹೋದವನು ಮೈಕು ಹಿಡಿದ. ಇದೇ ದಿನ ಕೊರಟಗೆರೆ ಹತ್ತಿರ ಬಸ್ಸು ಕೆಟ್ಟು ನಿಂತು, ಗಂಡಿನ ಕಡೆಯವರು ಬಂದು ಸೇರದೆ ಒಂದು ಮದುವೆಯೇ ಮುರಿದುಬಿತ್ತು ಎಂದು ನಗುನಗುತ್ತ ವರದಿ ಒಪ್ಪಿಸಿದ. ಹೆಣ್ಣಿನ ತಾಯಿ ಅಲ್ಲೇ ಕುಸಿದು ಕೂತರು! ಅಂದಿನಿಂದ ನಮ್ಮ ಮನೆತನದಲ್ಲೊಂದು ಪದ್ಧತಿ. ಯಾವ ಶುಭಕಾರ್ಯವಾದರೂ ಸರಿ, ಅಣ್ಣನ ಪಕ್ಕದಲ್ಲಿ ಒಬ್ಬರು ಲಾಡು ತಟ್ಟೆ ಹಿಡಿದು ಕೂರಬೇಕು. ಅವನು ಬಾಯಿ ತೆರೆದರೆ ಲಾಡು ಒಳಗೆ ಹೋಗಬೇಕು.

ವರ್ಷದಲ್ಲಿ ಒಂದು ದಿನ ಮಾತ್ರ ಲಾಡು ಬೇಕಾಗುವುದಿಲ್ಲ. ಅತ್ತಿಗೆ ತೀರಿಕೊಂಡ ದಿನ. ನಾವೆಲ್ಲ ಪಂಚಾಂಗ ನೋಡಿ ತಿಥಿ ಮಾಡಿ ಎಡೆ ಇಡುತ್ತೇವೆ, ಅವನೂ ಬಂದು ಉಣ್ಣುತ್ತಾನೆ. ಆದರೆ ಕ್ಯಾಲೆಂಡರಿನ ತಾರೀಕು ಬೇರೆ ದಿನ ಬರುತ್ತದಲ್ಲ, ಅದು ಅವನೊಬ್ಬನದು. ಆವತ್ತು ಅರ್ಧ ಷಟರು ಎಳೆದುಕೊಂಡು, ಸೂಜಿಗೆ ದಾರ ಪೋಣಿಸದೆ ಬರೀ ಮಿಷನ್ನು ತುಳಿಯುತ್ತಾನೆ. ನಾನೊಮ್ಮೆ ಬುತ್ತಿ ಕೊಡಲು ಹೋಗಿ ನೋಡಿದ್ದೆ. ಬುತ್ತಿಯನ್ನು ಷಟರಿನ ಕೆಳಗಿಂದ ಒಳಗೆ ಸರಿಸಿ ಬಂದೆ.

ನಮ್ಮ ಬಂಗಾರ, ನನ್ನ ಮಗಳ ಮಗಳು, ಹುಟ್ಟಿದಳು ನೋಡಿ, ಸರಿಯಾಗಿ ಅದೇ ತಾರೀಕಿಗೆ!

ನನ್ನ ಸಂತೋಷಕ್ಕೆ ಅಳತೆಯಿರಲಿಲ್ಲ. ಆಸ್ಪತ್ರೆಯಲ್ಲಿ ಗುರುತಿಲ್ಲದವರ ಬಾಯಿಗೂ ಸಕ್ಕರೆ ಹಾಕಿದ್ದೇನೆ. ಆದರೆ ನಾಮಕರಣ ಹತ್ತಿರ ಬಂದಂತೆ ಎದೆ ಹೊಡೆದುಕೊಳ್ಳತೊಡಗಿತು. ನಾಗಲಮಡಿಕೆಯ ನಮ್ಮ ಬೀಗಿತ್ತಿ ಯಾರೋ ಸೀನಿದರೆಂದು ಹತ್ತಿದ ಬಸ್ಸನ್ನೇ ಇಳಿದವರು. ಕೂಸು ಹುಟ್ಟಿದ ದಿನ ಇಂಥದ್ದು ಎಂದು ಕಿವಿಗೆ ಬಿದ್ದರೆ ಮುಗಿಯಿತು, ಆಯುಷ್ಯವಿಡೀ ಆ ಮಾತು ಮಗುವಿನ ಬೆನ್ನಿಗೆ. ಅಣ್ಣನೋ, ಕೇಳಿದರೆ ಸುಳ್ಳು ಹೇಳುವವನೇ ಅಲ್ಲ. ಲಾಡು ತಟ್ಟೆ ಹಿಡಿದು ನಾನೇ ಪಕ್ಕದಲ್ಲಿ ಕೂತೆ.

ತೊಟ್ಟಿಲು ತೂಗಿ, ಹೆಸರು ಕೂಗಿ, ಹಾಡು ಮುಗಿಯಿತು. ಸದ್ಯ, ದಾಟಿತು ಎಂದುಕೊಂಡೆ. ಬೀಗಿತ್ತಿ ಎಲೆಯಡಿಕೆ ಮಡಿಸುತ್ತಾ ತಾವೇ ಈ ಕಡೆ ತಿರುಗಿದರು.

"ಏಮಣ್ಣಾ, ನಿಂಗೆ ಎಲ್ಲಾ ದಿನದ್ದೂ ತೆಲುಸಂತೆ ಕದಾ? ನಮ್ ಪಾಪ ಹುಟ್ಟಿದ ದಿನ ಮುಂಚೆ ಏನಾಗಿತ್ತು ಹೇಳು, ಕೇಳಾಣ."

ಲಾಡು ಎತ್ತಿದೆ. ಅಣ್ಣ ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ತೊಟ್ಟಿಲ ಕಡೆ ನೋಡಿದ.

"ಏನೂ ಆಗಿಲ್ಲ ಕಣಮ್ಮ" ಎಂದ. "ಮುನ್ನೂರರವತ್ತೈದರಲ್ಲಿ ಅದೊಂದು ದಿನ ಖಾಲಿ ಇತ್ತು. ನಾನೂ ಹುಡುಕೀ ಹುಡುಕೀ ಸಾಕಾಗಿ ಬುಟ್ಟಿದ್ದೆ. ಇವಳಿಗೇಂತ ಮಡಗಿದ್ರು ಅಂತ ಕಾಣ್ತದೆ."

ಬೀಗಿತ್ತಿಯ ಮುಖ ಅರಳಿತು. ಖಾಲಿ ದಿನ ತುಂಬಿದ ಮಗು ಎಂದು ತಮ್ಮ ಕಡೆಯವರಿಗೆಲ್ಲ ಹೇಳಿಕೊಂಡು ಬಂದರು. ಅಣ್ಣ ನನ್ನ ಕೈಯಲ್ಲಿದ್ದ ಲಾಡನ್ನು ತಾನೇ ತೆಗೆದುಕೊಂಡು ನಿಧಾನವಾಗಿ ತಿಂದ. ಅವನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಮೊನ್ನೆ ಬಂಗಾರಕ್ಕೆ ವರ್ಷ ತುಂಬಿತು. ಬೆಳಿಗ್ಗೆ ನೆಪ ಮಾಡಿಕೊಂಡು ಅಂಗಡಿಯ ಮುಂದೆ ಹಾದುಹೋದೆ. ಷಟರು ಪೂರ್ತಿ ಮೇಲಿತ್ತು. ಮಿಷನ್ನು ಓಡುತ್ತಿತ್ತು, ಸೂಜಿಯಲ್ಲಿ ಕೆಂಪು ದಾರವಿತ್ತು. ಸಂಜೆ ದೀಪ ಹಚ್ಚುವ ಮೊದಲೇ ಪೇಪರಿನಲ್ಲಿ ಸುತ್ತಿಕೊಂಡು ಬಂದ. ಬಿಚ್ಚಿದರೆ ಪುಟ್ಟ ಕೆಂಪು ಫ್ರಾಕು, ಗುಂಡಿ ಸಮೇತ!

ಮನೆಮಂದಿಯೆಲ್ಲ ಫ್ರಾಕನ್ನು ತಿರುಗಿಸಿ ತಿರುಗಿಸಿ ನೋಡಿದೆವು. ಅವನ ಜೀವಮಾನದಲ್ಲಿ ಬೇಕಾದ ದಿನಕ್ಕೆ ಸರಿಯಾಗಿ ಬಟ್ಟೆ ಕೊಟ್ಟದ್ದು ಇದೇ ಮೊದಲು. ಮಗಳು ನಗುತ್ತಾ, ಇದೊಂದು ತಾರೀಕು ಹೆಂಗೆ ನೆನಪಿಟ್ಟುಕೊಂಡೆ ಮಾವ, ಎಂದು ರೇಗಿಸಿದಳು.

ಅಣ್ಣ ಮಗುವಿನ ತೋಳನ್ನು ಫ್ರಾಕಿನೊಳಗೆ ತೂರಿಸುತ್ತಿದ್ದ. ತಲೆಯೆತ್ತಲಿಲ್ಲ.

"ಈ ತಾರೀಕು ಮರೆಯಾಕಾಗ್ತದೇನಮ್ಮ" ಎಂದ.