ಚೀನಿ ಮಾವನ ವಿಚಾರಣೆ

ನನ್ನ ಸೋದರಮಾವನಷ್ಟು ಚೀನಿ ಭಾಷೆ ಬಲ್ಲವರು ಇಡೀ ಪಾಂಡವಪುರ ತಾಲ್ಲೂಕಿನಲ್ಲಿ ಇರಲಿಲ್ಲ. ಉತ್ಪ್ರೇಕ್ಷೆ ಎನ್ನಬೇಡಿ. ಎರಡನೆಯವರೇ ಇರಲಿಲ್ಲವಲ್ಲ, ಹೋಲಿಸುವುದು ಯಾರ ಜೊತೆ?

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಾ ರಜಕ್ಕೆ ಕ್ಯಾತನಹಳ್ಳಿಯ ಅಜ್ಜಿ ಮನೆಗೆ ಬರುತ್ತಿದ್ದೆ. ಮಾವ ಅದೇ ಮನೆಯಲ್ಲಿದ್ದು ಶ್ರೀರಂಗಪಟ್ಟಣಕ್ಕೆ ಹೋಗಿಬರುತ್ತಿದ್ದ ಇತಿಹಾಸದ ಮೇಷ್ಟ್ರು, ಇನ್ನೂ ಮದುವೆಯಾಗಿರಲಿಲ್ಲ. ಸರ್ಕಾರ ತನ್ನದೇ ಖರ್ಚಿನಲ್ಲಿ ದೆಹಲಿಯಲ್ಲಿ ಚೀನಿ ಕಲಿಸಿ, ಗಡಿಯಾಚೆಯ ರೇಡಿಯೋ ಮಾತು ಕೇಳಿಸಿಕೊಳ್ಳುವ ಕೆಲಸ ಕೊಡುತ್ತದೆ ಎಂಬ ಜಾಹೀರಾತು ಕಂಡದ್ದೇ ತಡ, ಅರ್ಜಿ ಹಾಕಿಬಿಟ್ಟ. ದೆಹಲಿ ಕರೆಯುವವರೆಗೆ ಕಾಯುವ ಆಸಾಮಿಯೇ ಅವನು? ಒಂದು ಹಳೆಯ ಪುಸ್ತಕ, ಒಂದು ಗೊರಗೊರ ರೇಡಿಯೋ ಇಟ್ಟುಕೊಂಡು ಶುರುಮಾಡಿಯೇಬಿಟ್ಟ!

ಚೀನಿಯಲ್ಲಿ ಒಂದೇ ಶಬ್ದವನ್ನು ನಾಲ್ಕು ರಾಗದಲ್ಲಿ ಎಳೆಯಬೇಕಂತೆ. ಒಂದು ಬೆಳಿಗ್ಗೆ ಮಾವ ಕೊಟ್ಟಿಗೆಯಲ್ಲಿ ಎಮ್ಮೆಯ ಎದುರು ನಿಂತು ನಾಲ್ಕನ್ನೂ ಎಳೆದ. ಎಮ್ಮೆ ಮೆಲುಕು ನಿಲ್ಲಿಸಿ, ಕತ್ತೆತ್ತಿ, ಐದನೆಯದನ್ನು ಎಳೆಯಿತು! (ಇದನ್ನು ನಾನೇ ಕೇಳಿದೆನೋ, ಅಮ್ಮ ಹೇಳಿ ಹೇಳಿ ನಾನೇ ಕೇಳಿದ ಹಾಗಾಗಿದೆಯೋ, ಆಣೆ ಮಾಡಲಾರೆ.)

ಅಜ್ಜಿಗೆ ರೇಗಿತ್ತು. ಇದ್ದೊಬ್ಬ ಮಗ, ಅವನೂ ಗಡಿಗೆ!

"ಯಾಕ್ಲಾ, ಅವ್ರನ್ನ ನಮ್ ಭಾಸೆಲೇ ಬಯ್ಯಕಾಗಲ್ವಾ?"

"ಬಯ್ಯಕಲ್ಲ ಕಣವ್ವ. ಅವ್ರು ಒಳಗೊಳಗೆ ಏನ್ ಮಾತಾಡ್ಕತಾವ್ರೆ ಅಂತ ಕೇಳಕೆ."

"ಕದ್ದು ಕೇಳಕೆ ಸರ್ಕಾರ ಸಂಬಳ ಕೊಡ್ತದಾ? ಅಂಗಾದ್ರೆ ನಮ್ ಬೀದಿ ಎಂಗಸ್ರಿಗೆಲ್ಲ ಇಷ್ಟೊತ್ಗೆ ಪಿಂಚಣಿ ಬರಬೇಕಿತ್ತಲ್ಲೋ!"

ಪರೀಕ್ಷೆಯಲ್ಲಿ ಮಾವ ಪಾಸಾದ. ಇನ್ನುಳಿದದ್ದು ಊರಿನಲ್ಲಿ ಅವನ ಬಗ್ಗೆ ವಿಚಾರಣೆ. ಆ ವರದಿ ಕೆಟ್ಟರೆ ದೆಹಲಿಯೂ ಇಲ್ಲ, ಚೀನಿಯೂ ಇಲ್ಲ. ಮಾವನಿಗೆ ಅನ್ನ ಸೇರದಾಯಿತು.

ಒಂದು ದಿನ ಇಸ್ತ್ರಿ ಅಂಗಿಯ ಇಬ್ಬರು ಬಸ್ಸಿಳಿದು ನೇರ ಟೀ ಅಂಗಡಿಗೆ ಹೋದರು. ಮಾವನ ನಡತೆ ಹೇಗೆ, ಕುಡಿತ ಉಂಟೆ, ಸಹವಾಸ ಯಾರದು ಎಂದು ಮೆಲ್ಲಗೆ ಕೇಳತೊಡಗಿದರು. ನಮ್ಮ ಕಡೆ ಹೀಗೆ ಮೆಲ್ಲಗೆ ಕೇಳುವವರು ಯಾರು ಹೇಳಿ? ಹೆಣ್ಣಿನ ಕಡೆಯವರು! ಮೇಷ್ಟ್ರಿಗೆ ಕೊನೆಗೂ ಹೆಣ್ಣು ಕೊಡಲು ಬಂದಿದ್ದಾರೆಂದು ಟೀ ಅಂಗಡಿಗೆ ಅಂಗಡಿಯೇ ಟೊಂಕ ಕಟ್ಟಿ ನಿಂತಿತು.

"ಅವ್ರು ದೂರದ ಊರಿಗೆ ಹೋಗ್ತಾರಾ?"

"ಎಲ್ಲಾರ ಉಂಟಾ ಸ್ವಾಮಿ! ಅವ್ವನ ಸೆರಗು ಬುಟ್ಟು ಅಲ್ಲಾಡಾಕಿಲ್ಲ."

"ಬೇರೆ ಭಾಷೆ ಕಲೀತಿದ್ದಾರಂತಲ್ಲ?"

"ನಮ್ ಮೇಷ್ಟ್ರಾ? ಕನ್ನಡ ಬುಟ್ರೆ ಒಂದಕ್ಸರ ಬರಾಕಿಲ್ಲ. ಅಂತಾ ಕೆಟ್ ಬುದ್ಧಿನೇ ಇಲ್ಲ!"

"ಎಮ್ಮೆ ಜೊತೆ ಮಾತಾಡ್ತಾರೆ ಅಂತ..."

"ಯಾರ್ ಸ್ವಾಮಿ ಅಂಗಂದೋರು? ಆಗ್ದಿರೋರು ಏಳವ್ರೆ. ಅವ್ರು ಮನುಸ್ರ ಕೂಡೆನೇ ಮಾತಾಡಲ್ಲ!"

ಅಧಿಕಾರಿಗಳ ಮುಂದೆ ಇಷ್ಟು ಒಳ್ಳೆಯ ಹೆಸರು ಬಂದರೆ ಯಾರಿಗೆ ತಾನೇ ನೌಕರಿ ಸಿಕ್ಕೀತು?

ಅವರು ಮನೆಗೆ ಬಂದಾಗ ಮಾವ ಶಾಲೆಯಲ್ಲಿದ್ದ. ಅಜ್ಜಿ ಮತ್ತು ನಾನು ಮಾತ್ರ. ತಾವು ಯಾರೆಂದು ಹೇಳಿಕೊಂಡು, ಮಜ್ಜಿಗೆ ಕುಡಿದು, ಇಬ್ಬರಲ್ಲಿ ವಯಸ್ಸಾದವರು ನಿಟ್ಟುಸಿರಿಟ್ಟರು.

"ಅಮ್ಮ, ನಿಮ್ಮ ಮಗ ಊರು ಬಿಟ್ಟು ಬರೋದೇ ಇಲ್ಲ ಅಂತಾರೆ. ಹಾಗಾದ್ರೆ ನಾವು ಹಾಗೇ ಬರೆಯೋಣ್ವಾ?"

ಅಜ್ಜಿ ಒಂದು ಹೂಂ ಅಂದರೆ ಸಾಕು, ಮಗ ಮನೆಯಲ್ಲೇ ಉಳಿಯುತ್ತಾನೆ! ಆಕೆ ಲೋಟ ಎತ್ತಿಟ್ಟಳು. ಸೆರಗು ಸರಿ ಮಾಡಿಕೊಂಡಳು.

"ಟೀ ಅಂಗ್ಡಿಯವ್ರು ನಿಮ್ಮನ್ನ ಬೀಗ್ರು ಅಂದ್ಕಂಡು ಸುಳ್ಳೇಳವ್ರೆ ಸ್ವಾಮಿ. ಅವನು ಬತ್ತಾನೆ. ಬೆಳಗಾನ ಅದೇ ಮಾತು ಅವನ ಬಾಯಲ್ಲಿ. ಕರ್ಕೊಂಡೋಗಿ."

ಮಾವನನ್ನು ರೈಲು ಹತ್ತಿಸಲು ಪಾಂಡವಪುರ ಸ್ಟೇಷನ್ನಿಗೆ ಹೋಗಿದ್ದೆವು. ಕಿಟಕಿಯಿಂದ ಅವನು ಏನೋ ಚೀನಿಯಲ್ಲಿ ಕೂಗಿದ. ಎಲ್ಲರೂ ನಕ್ಕರು. ರೈಲು ಕಣ್ಮರೆಯಾದ ಮೇಲೆ ನಾನು ತಡೆಯಲಾರದೆ ಕೇಳಿದೆ.

"ಅಜ್ಜಿ, ಅವತ್ತು ಸುಮ್ನಿದ್ದಿದ್ರೆ ಮಾವ ಇಲ್ಲೇ ಇರ್ತಿದ್ದ ಅಲ್ವಾ?"

ಅಜ್ಜಿ ಇನ್ನೂ ಹಳಿಯನ್ನೇ ನೋಡುತ್ತಿದ್ದಳು.

"ಇರ್ತಿದ್ದ ಕಣ್ ಮಗ," ಎಂದಳು. "ಆದ್ರೆ ಇಲ್ಲಿ ಯಾರ್ ಕೂಡೆ ಮಾತಾಡ್ತಿದ್ದ?"