ಮೂವತ್ತು ನಲವತ್ತರ ಹೊಲ

ನನ್ನ ಸೋದರಮಾವನಿಗೆ ಹೊಲವಿದೆ. ಎಷ್ಟು ದೊಡ್ಡ ಹೊಲ ಎಂದು ಕೇಳಿ. ಈ ಬದುವಿನಲ್ಲಿ ನಿಂತು ಸೀನಿದರೆ ಆ ಬದುವಿನಾಚೆಯ ಮನೆಯವರು ‘ಹುಷಾರ್ರೀ’ ಎನ್ನುತ್ತಾರೆ, ಅಷ್ಟು ದೊಡ್ಡದು! ಕಮಲಾಪುರದ ಹೊಸ ಬಡಾವಣೆಯ ಕಟ್ಟಕಡೆಯ ಸೈಟು. ಅಗಲ ಮೂವತ್ತು ಅಡಿ, ಉದ್ದ ನಲವತ್ತು. ಒಂದು ಮೂಲೆಯಲ್ಲಿ ಎರಡು ಕೋಣೆಯ ಮನೆ. ಉಳಿದ ಜಾಗವನ್ನು ನಾವೆಲ್ಲ ಹಿತ್ತಲು ಎನ್ನುತ್ತಿದ್ದೆವು. ಮಾಮಾ ಮಾತ್ರ ಹೊಲ ಎನ್ನುತ್ತಿದ್ದರು. ಹಿತ್ತಲು ಎಂದವರ ಚಹಾದಲ್ಲಿ ಆ ಮನೆಯಲ್ಲಿ ಸಕ್ಕರೆ ಕಡಿಮೆ ಬೀಳುತ್ತಿತ್ತು.

ಮಾಮಾನ ಹೆಸರನ್ನು ಮಾತ್ರ ನಾನು ಹೇಳುವುದಿಲ್ಲ. ಮೂವತ್ತೈದು ವರ್ಷ ಸಂಸಾರ ಮಾಡಿದ ಮಾಮಿಯೇ ಆ ಹೆಸರನ್ನು ಒಮ್ಮೆಯೂ ಬಾಯಿ ಬಿಟ್ಟು ಹೇಳಿದವರಲ್ಲ. ರೇಷನ್ ಕಾರ್ಡು ಮಾಡಿಸಲು ಹೋದಾಗ ಅಲ್ಲಿಯವರು ಯಜಮಾನರ ಹೆಸರೇನೆಂದು ಕೇಳಿದರೆ, ನನ್ನ ಕಡೆ ಬೆರಳು ತೋರಿಸಿ ‘ಆಕಿ ಹೇಳ್ತಾಳ’ ಎಂದು ಗೋಡೆ ನೋಡುತ್ತ ನಿಂತುಬಿಟ್ಟಿದ್ದರು. ಅವರೇ ಆಡದ ಹೆಸರನ್ನು ನಾನು ಇಲ್ಲಿ ಹೇಗೆ ಬರೆಯಲಿ?

ಮಾಮಾ ಕಲಬುರಗಿಯ ಕೋರ್ಟಿನಲ್ಲಿ ಜವಾನರಾಗಿದ್ದರು. ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವುದು ಅವರ ಕೆಲಸ. ನಮ್ಮ ಕಡೆಯ ಕಾಗದಪತ್ರಗಳಲ್ಲಿ ಗಂಡಸಿನ ಹೆಸರಾದ ಮೇಲೆ ‘ತಂದೆ’ ಎಂದು ಹಾಕಿ ಅಪ್ಪನ ಹೆಸರು ಬರೆಯುತ್ತಾರೆ. ಹೆಂಗಸಾದರೆ ‘ಗಂಡ’ ಎಂದು ಹಾಕಿ ಗಂಡನ ಹೆಸರು. ಅದನ್ನೇ ಮಾಮಾ, ‘ಇಂಥವರು ತಂದೆ ಇಂಥವರು, ಹಾಜರ್ ಅದಾರೇನ್ರೀ...’ ಎಂದು ಎಳೆದು ಮೂರು ಸಲ ಕೂಗಬೇಕು. ಆ ದನಿಗೆ ಹೊರಗೆ ಬೇವಿನ ಮರದಡಿ ನಿದ್ದೆ ಹೋದವರು ಎದ್ದು, ತಮ್ಮ ಹೆಸರು ಅಲ್ಲದಿದ್ದರೂ ಒಳಗೆ ಓಡಿಬರುತ್ತಿದ್ದರಂತೆ. ಮನೆಯಲ್ಲೂ ಅದೇ ಚಾಳಿ. ರೊಟ್ಟಿ ತಡವಾದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಮಾಮಿಯ ಹೆಸರು, ‘ಗಂಡ’, ಆಮೇಲೆ ತಮ್ಮದೇ ಹೆಸರು, ಮೂರು ಸಲ! ಮಾಮಿ ಒಲೆ ಬಿಟ್ಟು ಏಳದೆ, ‘ಮುಂದಿನ ತಾರೀಖ ಕೊಡ್ರಿ’ ಎನ್ನುತ್ತಿದ್ದರು.

ನಿವೃತ್ತಿಯ ದಿನ ಹಾರ ಶಾಲು ಹೊತ್ತು ಮನೆಗೆ ಬಂದವರು ನನ್ನೊಡನೆ ಒಂದು ಮಾತು ಆಡಿದ್ದರು. ಇಷ್ಟು ವರ್ಷ ಊರ ಮಂದಿಯ ಹೆಸರೆಲ್ಲ ಕೂಗಿದೆ, ನನ್ನ ಹೆಸರನ್ನು ಯಾರೂ ಒಮ್ಮೆಯೂ ಕೂಗಲಿಲ್ಲ ಎಂದು. ಕೋರ್ಟಿನಲ್ಲಿ ಹೆಸರು ಕೂಗಿಸಿಕೊಳ್ಳದಿದ್ದದ್ದೇ ಪುಣ್ಯ ಎಂದು ನಾನು ನಕ್ಕೆ. ಅವರು ನಗಲಿಲ್ಲ.

ಕಮಲಾಪುರದ ಮನೆಯ ಪ್ರವೇಶದ ದಿನ ಊಟಕ್ಕೆ ಕೂತವರೆಲ್ಲರ ಮುಂದೆ ಮಾಮಾ ಸಾರಿದರು: ‘ಈ ಸಲ ಎಳ್ಳ ಅಮಾಸಿಗಿ ಎಲ್ಲಾರೂ ನಮ್ಮ ಹೊಲಕ್ಕ ಬರಬೇಕು.’

ನಮ್ಮ ಸೀಮೆಯಲ್ಲಿ ಎಳ್ಳ ಅಮಾವಾಸ್ಯೆ ಎಂದರೆ ಊರಿಗೆ ಊರೇ ಹೊಲದಲ್ಲಿರುವ ದಿನ. ಕಲಬುರಗಿಯ ನಮ್ಮ ಜೇವರ್ಗಿ ಕಾಲೋನಿಯ ಓಣಿಯಲ್ಲಿ ಅಂದು ಎಲ್ಲ ಮನೆಗೂ ಬೀಗ. ಹಸಿರು ಜೋಳದ ನಡುವೆ ಐದು ಕಲ್ಲಿಟ್ಟು ಪೂಜೆ ಮಾಡಿ, ಸಜ್ಜೆ ಕಡುಬು, ಕಾಳು ಸೊಪ್ಪು ಬೇಯಿಸಿದ ಭಜ್ಜಿ, ಅನ್ನ ಎಲ್ಲ ಕಲಸಿ ಬುಟ್ಟಿಗೆ ತುಂಬಿ, ಭೂಮಿತಾಯಿಗೆ, ಹಕ್ಕಿಪಕ್ಷಿಗೆ, ಹುಳಹುಪ್ಪಡಿಗೆ ಎಂದು ಹೊಲದ ತುಂಬ ಎರಚುತ್ತಾರೆ. ಅದೇ ಚರಗ. ಚರಗ ಚೆಲ್ಲುತ್ತ ಹೊಲದ ಒಡೆಯ ಗಂಟಲು ಬಿರಿಯುವಂತೆ ಕೂಗುತ್ತಾನೆ, ಹಿಂದಿನವರು ದನಿಗೂಡಿಸುತ್ತಾರೆ. ಹೊಲವಿಲ್ಲದವರನ್ನು ಹೊಲವಿದ್ದವರು ಕರೆಯುತ್ತಾರೆ. ನಾವು ತಲೆತಲಾಂತರದಿಂದ ಕರೆಸಿಕೊಂಡು ಹೋದವರೇ ಹೊರತು ಕರೆದವರಲ್ಲ. ಈಗ ಮಾಮಾ ಕರೆಯುತ್ತಿದ್ದಾರೆ, ಮೂವತ್ತು ನಲವತ್ತರ ಸೈಟಿಗೆ! ಎಲ್ಲರೂ ಒಮ್ಮೆಲೇ ಬರಬೇಕೋ, ಸರದಿಯಲ್ಲಿ ಬರಬೇಕೋ ಎಂದು ಯಾರೋ ಕೇಳಿದರು. ನಗುವೋ ನಗು. ಮಾಮಾನ ಅಕ್ಕ, ಅಂದರೆ ನನ್ನ ಅವ್ವ, ಒಬ್ಬಳೇ ನಗದೆ ತಟ್ಟೆ ನೋಡುತ್ತ ಕೂತಿದ್ದಳು.

ಅಮಾವಾಸ್ಯೆಗೆ ಜನ ಬರಬೇಕೆಂದರೆ ಅಂದು ಜೋಳ ನಿಂತಿರಬೇಕು. ಮಾಮಾನಿಗೆ ಬೇಸಾಯ ಬರುತ್ತದೆಯೇ? ಬರುತ್ತದೆ, ಮೊಬೈಲಿನಲ್ಲಿ. ಸೆಪ್ಟೆಂಬರಿನಲ್ಲಿ ಜೋಳ ಬಿತ್ತಿದರು, ಅಂಚಿಗೆ ಒಂದು ಸಾಲು ಕಡಲೆ ಹಾಕಿದರು. ಎಂಟು ದಿನಕ್ಕೆ ಹಸಿರು ಕಂಡಿತು. ದಿನಾ ಬೆಳಿಗ್ಗೆ ಕುಕ್ಕರಗಾಲಲ್ಲಿ ಕೂತು ಶ್ರದ್ಧೆಯಿಂದ ಕಳೆ ಕಿತ್ತರು. ಒಂದು ಭಾನುವಾರ ನಾನು ಹೋದಾಗ, ಜೀವಮಾನವೆಲ್ಲ ಹೊಲದಲ್ಲಿ ದುಡಿದ ಪಕ್ಕದ ಮನೆಯ ಮುದುಕಿ, ಎಲ್ಲರೂ ಆಯಿ ಎಂದು ಕರೆಯುವಾಕೆ, ಬೇಲಿಯಾಚೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ‘ಸಾಹೇಬ್ರ, ಜ್ವಾಳ ಎಲ್ಲಾ ಕಿತ್ತಿ ಜೇಕ ಯಾಕ ಬೆಳಸಾಕತ್ತೀರಿ?’ ಎಂದು ಕೇಳಿದಳು.

ನಿಜ. ಜೋಳದ ಎಳೆ ಸಸಿಯನ್ನು ಹುಲ್ಲೆಂದು ಕಿತ್ತೆಸೆದು, ಜೇಕಿನ ಹುಲ್ಲಿಗೆ ಎರಡು ಹೊತ್ತು ನೀರು ಹಾಕಿದ್ದರು. ಮಾಮಾ ತೀರ್ಪು ಒಪ್ಪಿಕೊಂಡರು, ಅಪೀಲಿಗೆ ಹೋಗಲಿಲ್ಲ. ಅದೇ ವಾರ ಎರಡನೆಯ ಬಿತ್ತನೆ. ಆಯಿ ಬೇಲಿಯಾಚೆಯಿಂದ ಹೇಳುತ್ತಿದ್ದಳು, ಮಾಮಾ ಒಂದೊಂದೇ ಕಾಳು ಊರುತ್ತಿದ್ದರು. ನಾನು ಕೈ ಹಾಕಲು ಹೋದರೆ ಬೇಡವೆಂದರು. ಈ ಹೊಲದಲ್ಲಿ ಬೀಜ ಊರುವ ಕೈ ಒಂದೇ ಇರಬೇಕಂತೆ.

ಈ ಸಲ ಜೋಳವೇ ಬಂತು. ಅದರ ಹಿಂದೆಯೇ ಮುಸುವಗಳೂ ಬಂದವು. ಕರಿಮುಖದ ಹನ್ನೆರಡು ಮಂಗಗಳು ಬೆಳಗಿನ ಬಿಸಿಲಿಗೆ ಒಂದು ಬದಿಯ ಕಾಂಪೌಂಡ್ ಗೋಡೆಯ ಮೇಲೆ ಬಾಲ ಇಳಿಬಿಟ್ಟು ಕೂತವು. ಮಾಮಾ ಕಲ್ಲು ಮುಟ್ಟಲಿಲ್ಲ, ಕೋಲು ಹಿಡಿಯಲಿಲ್ಲ. ಬಾಗಿಲಲ್ಲಿ ನೆಟ್ಟಗೆ ನಿಂತು, ‘ಮಂಗಣ್ಣ ತಂದೆ ಹನುಮಂತಪ್ಪ, ಹಾಜರ್ ಅದಾರೇನ್ರೀ...’ ಎಂದರು. ಮೊದಲ ಕೂಗಿಗೇ ಹನ್ನೆರಡೂ ಮಾಯ! ಒಂದು ವಾರ ಮಾಮಾ ಎದೆಯುಬ್ಬಿಸಿಕೊಂಡು ಓಡಾಡಿದರು. ಎರಡನೆಯ ವಾರಕ್ಕೆ ಮಂಗಗಳು ಕಾನೂನು ಕಲಿತವು. ಮೂರು ಕೂಗು ಮುಗಿದ ಮೇಲೆ ಈ ಮನುಷ್ಯ ಚಹಾ ಕುಡಿಯಲು ಒಳಗೆ ಹೋಗುತ್ತಾನೆ ಎಂಬುದು ಅವಕ್ಕೆ ತಿಳಿದುಹೋಯಿತು. ಮೊದಲ ಕೂಗಿಗೆ ಕಿವಿ ಕೆರೆದುಕೊಂಡವು, ಎರಡನೆಯದಕ್ಕೆ ಆಕಳಿಸಿದವು, ಮೂರನೆಯದಕ್ಕೆ ಇಳಿದು ಬಂದವು. ಮಾಮಾ ಆಮೇಲೆ ಚಹಾದ ಲೋಟ ಹಿಡಿದು ಹೊರಗೇ ಕೂತು ಕಾಯತೊಡಗಿದರು.

ಮುಂದೆ ಕಾಡುಹಂದಿ. ಸೈಟಿನ ಆಚೆ ಬಯಲು, ಅದರಾಚೆ ಹಳ್ಳದ ಪೊದೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಬೇಲಿಯ ಬುಡವೆಲ್ಲ ಅಗೆದುಹೋಗಿ, ಕಡಲೆಯ ಸಾಲಿನ ಅರ್ಧ ಇರಲಿಲ್ಲ. ಮನುಷ್ಯರ ಕೂದಲು ಚೆಲ್ಲಿದರೆ ಅದರ ವಾಸನೆಗೆ ಹಂದಿ ಬರುವುದಿಲ್ಲ ಎಂದು ಆಯಿ ಹೇಳಿದಳು. ಫೋನು ಬಂತು ನನಗೆ! ನಮ್ಮ ಓಣಿಯ ಕಟಿಂಗ್ ಅಂಗಡಿಯಿಂದ ಒಂದು ಚೀಲ ಕೂದಲು ಕಟ್ಟಿಸಿಕೊಂಡು ನಾನು ಕಮಲಾಪುರದ ಬಸ್ಸು ಹತ್ತಿದೆ. ಚೀಲದಲ್ಲೇನು ಎಂದು ಕಂಡಕ್ಟರ್ ಕೇಳಿದರೆ ಹತ್ತಿ ಎಂದೆ. ಕಪನೂರ ದಾಟುವಾಗ ಚೀಲದ ಬಾಯಿ ಬಿಚ್ಚಿತು, ಕಿಟಕಿಯಿಂದ ಗಾಳಿ ಬೀಸಿತು. ಮುಂದಿನ ಸೀಟಿನ ಬೋಳುತಲೆಯ ಹಿರಿಯರೊಬ್ಬರಿಗೆ ಎಷ್ಟೋ ವರ್ಷಗಳ ಮೇಲೆ ತಲೆಗೂದಲು ಬಂತು. ಅವರು ನನ್ನ ಕಡೆ ತಿರುಗಿ ನೋಡಿದ ನೋಟವನ್ನು ನಾನು ಇಂದಿಗೂ ಮರೆತಿಲ್ಲ.

ಕೂದಲ ಜೊತೆಗೆ ಸೀರೆಯ ಬೇಲಿಯೂ ಆಯಿತು. ಬೇಲಿಗೆ ಬಣ್ಣದ ಸೀರೆ ಕಟ್ಟಿದರೆ ಹಂದಿ ಬೆದರುತ್ತದಂತೆ. ಮಾಮಾ ಟ್ರಂಕು ತೆರೆದು, ಸೀರೆಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು, ಇದು ಮಾಸಿದೆ, ಇದರ ಅಂಚು ದೂರಕ್ಕೆ ಕಾಣುವುದಿಲ್ಲ ಎಂದು ಗಂಟೆಗಟ್ಟಲೆ ಆರಿಸಿದರು. ನನ್ನ ಮದುವೆಯಲ್ಲಿ ಮಾಮಿಗೆ ಕೊಟ್ಟ ಹಸಿರು ಸೀರೆಯೂ ಹಂದಿಯ ಪಾಲಾಯಿತು. ಹೊಸ್ತಿಲ ಮೇಲೆ ಕೂತಿದ್ದ ಮಾಮಿ ನನ್ನನ್ನು ನೋಡಿ, ‘ಮೂವತ್ತೈದ್ ವರ್ಷದಾಗ ನನಗ ಒಂದ್ ಸೀರಿ ಆರಿಸಿ ತಂದಿಲ್ಲ. ಹಂದಿಗಿ ನೋಡು, ಹ್ಯಾಂಗ ಬಣ್ಣ ಆರಸ್ತಾರ’ ಎಂದರು.

ಡಿಸೆಂಬರಿನಲ್ಲಿ ತೆನೆ ಹೊರಬಿತ್ತು. ಈಗ ಗಿಳಿಗಳ ಸರದಿ. ಮಾಮಾ ನಮ್ಮ ಮನೆಗೆ ಬಂದು ನನ್ನ ಮಗನ ಶಾಲೆಯ ಹಳೆಯ ಕಾಲುಚೀಲಗಳನ್ನೆಲ್ಲ ಹೊತ್ತೊಯ್ದರು. ಅಷ್ಟು ಸಾಲದೆ ಓಣಿಯ ಮನೆಮನೆಗೂ ಹೋಗಿ ಕೇಳಿದರು. ಮುಂದಿನ ಭಾನುವಾರ ಹೋಗಿ ನೋಡುತ್ತೇನೆ, ಪ್ರತಿ ತೆನೆಯ ತಲೆಗೂ ಒಂದು ಬಿಳಿ ಕಾಲುಚೀಲ! ಇಡೀ ಜೋಳ ಪ್ರಾರ್ಥನೆಗೆ ನಿಂತ ಶಾಲೆಯಾಗಿತ್ತು. ಮಾಮಾ ನಡುವೆ ಓಡಾಡುತ್ತ ಜಾರಿದ ಕಾಲುಚೀಲಗಳನ್ನು ಎಳೆದು ಸರಿಮಾಡುತ್ತಿದ್ದರು. ಅಂದು ನಾನು ಮನಸಾರೆ ನಕ್ಕೆ. ನಕ್ಕದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಅಮಾವಾಸ್ಯೆಗೆ ನಾಲ್ಕು ದಿನವಿದ್ದಾಗ ಮಾಮಾ, ಮಾಮಿ ಕಲಬುರಗಿಗೆ ಬಂದರು. ಮದುವೆಗೆ ಕರೆಯುವಂತೆ ಮನೆಮನೆಗೆ ಹೋಗಿ, ಕುಂಕುಮ ಹಚ್ಚಿ, ನಮ್ಮ ಹೊಲಕ್ಕೆ ಬನ್ನಿ ಎಂದು ಕರೆದು, ಮಧ್ಯಾಹ್ನದ ಬಸ್ಸಿಗೆ ಹಿಂತಿರುಗಿದರು. ಸಂಜೆ ಫೋನು ಬಂತು. ಮಾಮಾನ ಫೋನು ಎಂದರೆ ಕಿವಿಯಿಂದ ಗೇಣುದ್ದ ದೂರ ಹಿಡಿಯುವುದು ನನ್ನ ರೂಢಿ. ಅಂದು ಕಿವಿಗೆ ಒತ್ತಿ ಹಿಡಿದರೂ ಸರಿಯಾಗಿ ಕೇಳಲಿಲ್ಲ.

‘ಯಾರೂ ಬರಬ್ಯಾಡ್ರವ್ವಾ,’ ಎಂದರು. ‘ಹೊಲ ಹೋಯ್ತು.’

ಅವರು ಊರಲ್ಲಿಲ್ಲದ ಆರೇ ತಾಸಿನಲ್ಲಿ ಮುಸುವಗಳು ಇಡೀ ಜೋಳ ಮುರಿದು ಹಾಕಿದ್ದವು. ಕಾಲುಚೀಲಗಳು ಆಚೆಯ ಬಯಲಿನ ಬೇವಿನ ಮರದ ತುಂಬ ನೇತಾಡುತ್ತಿದ್ದವಂತೆ. ನಿಂತಿದ್ದದ್ದು ಗೋಡೆಯ ಮೂಲೆಯ ಏಳು ದಂಟು.

ಹೋಗಲಿ ಬಿಡಿ, ಮುಂದಿನ ವರ್ಷ ನೋಡೋಣ ಎಂದು ಸಮಾಧಾನ ಹೇಳಿ ಫೋನಿಟ್ಟೆ. ಒಂದು ಹಿತ್ತಲಿನ ಜೋಳಕ್ಕೆ ಇಷ್ಟೇಕೆ ಎಂದು ಅವ್ವನನ್ನು ಕೇಳಿದೆ. ಅವ್ವ ಆಗ ಹೇಳಿದಳು. ನಮ್ಮಜ್ಜ ಕಮಲಾಪುರದ ಹತ್ತಿರದ ಹಳ್ಳಿಯಲ್ಲಿ ಒಬ್ಬ ಸಾಹುಕಾರರ ಹೊಲದಲ್ಲಿ ಕೂಲಿಗಿದ್ದರು. ಬಿತ್ತಿದ್ದು ಅಜ್ಜ, ಕಳೆ ತೆಗೆದದ್ದು ಅಜ್ಜಿ. ಎಳ್ಳ ಅಮಾವಾಸ್ಯೆಗೆ ಸಾಹುಕಾರರು ಇವರನ್ನೂ ಕರೆದು ಹೊಟ್ಟೆ ತುಂಬ ಬಡಿಸುತ್ತಿದ್ದರು, ಅದರಲ್ಲಿ ಸುಳ್ಳಿಲ್ಲ. ಮಾಮಾನಿಗೆ ಏಳು ವರ್ಷವಿದ್ದಾಗ ಒಮ್ಮೆ, ಸಾಹುಕಾರರು ಚರಗ ಚೆಲ್ಲುತ್ತ ಕೂಗುವುದನ್ನು ನೋಡಿ, ತಾನೂ ಬುಟ್ಟಿಯಿಂದ ಒಂದು ಹಿಡಿ ತೆಗೆದುಕೊಂಡು, ಕೂಗುತ್ತ ಜೋಳದ ಸಾಲಿನಲ್ಲಿ ಓಡಿದನಂತೆ. ಯಾರೂ ಬೈಯಲಿಲ್ಲ. ಅಜ್ಜ ಮಾತ್ರ ಎದ್ದು ಹೋಗಿ, ಆ ಪುಟ್ಟ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿ, ಅದರೊಳಗಿನದನ್ನು ಬುಟ್ಟಿಗೆ ಮರಳಿ ಸುರಿದರು.

‘ಹೊಲ ಯಾರದೋ ಅವರೇ ಒದರಬೇಕಪ್ಪ, ಅಂದ ನಮ್ಮಪ್ಪ,’ ಎಂದಳು ಅವ್ವ. ‘ನಿಮ್ಮ ಮಾಮಾ ಅವತ್ತು ಉಣ್ಣಲಿಲ್ಲ.’

ಮುಂದೆ ಅದೇ ಹುಡುಗನಿಗೆ ಕೂಗುವುದೇ ನೌಕರಿಯಾಯಿತು, ಅದೂ ಬೇರೆಯವರ ಹೆಸರು. ಅಷ್ಟರಲ್ಲಿ ಮತ್ತೆ ಫೋನು. ಈ ಸಲ ಮಾಮಿ. ‘ಅವರ ಮಾತು ಕೇಳಬ್ಯಾಡ್ರಿ, ಎಲ್ಲಾರೂ ಬರ್ರಿ. ತೆನಿ ಎಣಿಸಿ ಯಾರೂ ಊಟಕ್ಕ ಬರಂಗಿಲ್ಲ,’ ಎಂದು ಇಟ್ಟುಬಿಟ್ಟರು.

ಎಲ್ಲರೂ ಹೋದೆವು. ಹದಿನೆಂಟು ಜನ. ಏಳು ದಂಟಿನ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲು, ಮುಂದೆ ಕಡುಬು, ಭಜ್ಜಿ. ಬೇಲಿಯ ಮೇಲೆ ಮಾಮಿಯ ಸೀರೆಗಳು ಗಾಳಿಗೆ ಹಾರುತ್ತಿದ್ದವು. ಗೋಡೆಯ ಮೇಲೆ ಆರೋಪಿಗಳು, ಹನ್ನೆರಡೂ ಜನ ಹಾಜರ್. ಮಾಮಾ ಬಿಳಿ ರುಮಾಲು ಸುತ್ತಿಕೊಂಡಿದ್ದರು. ಪೂಜೆಯಾಯಿತು. ಬುಟ್ಟಿಯನ್ನು ಎಡತೋಳಿಗೆ ಏರಿಸಿ, ಬಲಗೈಯಲ್ಲಿ ಒಂದು ಹಿಡಿ ತೆಗೆದುಕೊಂಡು, ಎದೆ ತುಂಬ ಉಸಿರೆಳೆದು ಬಾಯಿ ತೆರೆದರು.

ದನಿ ಬರಲಿಲ್ಲ. ಮೂವತ್ತು ವರ್ಷ ಕೋರ್ಟಿನ ಅಂಗಳ ನಡುಗಿಸಿದ ಗಂಟಲಿನಿಂದ ಒಂದು ಶಬ್ದವೂ ಹೊರಡಲಿಲ್ಲ. ಮುಷ್ಟಿ ಬಿಗಿಯಾಗಿಯೇ ಇತ್ತು. ನಾವು ಕೂಗಿಬಿಡೋಣವೇ ಎಂದು ಒಬ್ಬರ ಮುಖ ಒಬ್ಬರು ನೋಡಿದೆವು. ಆದರೆ ಹೊಲ ನಮ್ಮದಲ್ಲವಲ್ಲ.

ಆಗ ಹಿಂದೆ, ಮನೆಯ ಬಾಗಿಲಿನಿಂದ, ಒಂದು ಕೂಗು ಕೇಳಿಸಿತು. ಮಾಮಿ ತಲೆಯ ಮೇಲೆ ಸೆರಗು ಹೊದ್ದು ನೆಟ್ಟಗೆ ನಿಂತಿದ್ದರು. ಮೊದಲು ಮಾಮಾನ ಹೆಸರು. ಆಮೇಲೆ ‘ತಂದೆ’. ಆಮೇಲೆ ನಮ್ಮಜ್ಜನ ಹೆಸರು. ‘ಹಾಜರ್ ಅದಾರೇನ್ರೀ...’

ಮೂವತ್ತೈದು ವರ್ಷದಲ್ಲಿ ಆ ಬಾಯಿಂದ ಬಾರದ ಹೆಸರು. ಎರಡನೆಯ ಸಲ ದನಿ ಇನ್ನೂ ಏರಿತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಮೂರನೆಯ ಸಲ ಅಜ್ಜನ ಹೆಸರು ಆ ಮೂವತ್ತು ನಲವತ್ತರ ಹೊಲದ ತುಂಬ ಕೇಳಿಸಿತು.

‘ಹಾಜರ್ ಅದೀನ್ರೀ,’ ಎಂದರು ಮಾಮಾ, ಏಳು ವರ್ಷದ ಹುಡುಗನ ದನಿಯಲ್ಲಿ. ಮುಷ್ಟಿ ಬಿಚ್ಚಿ ಎಸೆದರು. ಅದರ ಹಿಂದೆಯೇ ಕೂಗಿದರು. ಎಂಥ ಕೂಗು! ಆಚೆಯ ಬಯಲಿನಿಂದ ಹಕ್ಕಿಗಳು ಎದ್ದು ಹಾರಿದವು. ನಾವು ಹದಿನೆಂಟು ಜನ ಹಿಂದೆ ದನಿಗೂಡಿಸುತ್ತ ಏಳು ದಂಟಿನ ಹೊಲವನ್ನೆಲ್ಲ ಸುತ್ತಿದೆವು. ಬುಟ್ಟಿಯ ತಳದ ಕಡುಬುಗಳನ್ನು ಮಾಮಾ ಗೋಡೆಯ ಮೇಲಿನವರತ್ತ ಎಸೆದರು. ಅವು ಅಲ್ಲೇ ಕೂತು ತಿಂದವು.

ಊಟಕ್ಕೆ ಕೂತಾಗ ಮಾಮಾ ತಟ್ಟೆಯಿಂದ ತಲೆ ಎತ್ತದೆ, ಇನ್ನೊಂದು ಸಲ ಹೆಸರು ಕೂಗು ಎಂದು ಮೆಲ್ಲಗೆ ಕೇಳಿದರು. ಮಾಮಿ ಅವರ ತಟ್ಟೆಗೆ ಭಜ್ಜಿ ಬಡಿಸಿ, ‘ಮುಂದಿನ ತಾರೀಖ ಮುಂದಿನ ಎಳ್ಳ ಅಮಾಸಿಗಿ’ ಎಂದು ಮುಂದಿನ ತಟ್ಟೆಗೆ ಹೋದರು.