ಬದುಕಿದ್ದವರಿಗೂ ಚರಮಪದ್ಯ

ಯಲಹಂಕದಲ್ಲಿ ರಜೆಗೆ ಬಂದ ಸೈನಿಕರು ಯಾರಿಗೆ ಹೆದರುತ್ತಿದ್ದರು ಗೊತ್ತೇ? ನಮ್ಮ ಸೋದರಮಾವನಿಗೆ! ಶತ್ರುವಿನ ಗುಂಡಿಗೆ ಎದೆಯೊಡ್ಡುವವರು ಮಾವನ ಪೆನ್ಸಿಲ್ ಕಂಡರೆ ಗಲ್ಲಿ ಬದಲಾಯಿಸುತ್ತಿದ್ದರು.

ಕನ್ನಡ ಮೇಷ್ಟರಾಗಿದ್ದ ಮಾವ ಒಮ್ಮೆ ಮಿಲಿಟರಿ ಸ್ಮಶಾನ ನೋಡಿ ಬಂದರು. ಅಲ್ಲಿ ಕಲ್ಲುಕಲ್ಲಿನ ಮೇಲೂ ಇಂಗ್ಲಿಷ್ ಪದ್ಯ. "ನಮ್ಮ ಹುಡುಗರಿಗೆ ಕನ್ನಡದಲ್ಲಿ ನಾಲ್ಕು ಸಾಲು ಬೇಡ್ವೇನೇ?" ಎಂದು ನನ್ನನ್ನು ಕೇಳಿ ಅಂದೇ ಶುರು ಮಾಡಿದರು. ಸತ್ತವರಿಗೆಲ್ಲ ಬರೆದಾಯಿತು. ಕೈ ನಿಲ್ಲಬೇಕಲ್ಲ? ಬದುಕಿದ್ದವರಿಗೂ ಮುಂಗಡವಾಗಿ ಬರೆಯತೊಡಗಿದರು! "ಆಮೇಲೆ ಅವಸರದಲ್ಲಿ ಬರೆದ್ರೆ ಪ್ರಾಸ ಕೆಡುತ್ತೆ ಕಣೇ."

ಯಶವಂತಪುರ ಸ್ಟೇಷನ್ನಿನಲ್ಲಿ ಕಾಫಿ ಕುಡಿಯುತ್ತಿದ್ದ ಸಿಪಾಯಿಯೊಬ್ಬನ ಹೆಸರು ಕೇಳಿ, "ಆಹಾ, ಛಂದಸ್ಸಿಗೆ ಚೆನ್ನಾಗಿ ಕೂರುತ್ತೆ!" ಎಂದರು.

"ಯಾವ್ ಪದ್ಯಕ್ಕೆ ಸಾರ್?"

"ನಿಮ್ಮ ಸಮಾಧಿ ಕಲ್ಲಿಗೆ."

ಅವನು ಅರ್ಧ ಕಾಫಿ ಬಿಟ್ಟು, ಯಾವ ಊರಿನದೆಂದೂ ನೋಡದೆ ಎದುರಿಗಿದ್ದ ರೈಲು ಹತ್ತಿದ.

ರಾಜಾನುಕುಂಟೆಯ ಅಜ್ಜಿಯೊಬ್ಬರಿಗೆ ಮೊಮ್ಮಗನ ಮೇಲಿನ ಪದ್ಯವನ್ನು ಹಾಡಿಯೇ ತೋರಿಸಿದರು. ಹೊಗಳಿಕೆ ಕೇಳಿ ಅಜ್ಜಿಗೆ ಹಿಗ್ಗೋ ಹಿಗ್ಗು. "ಸಂದಾಕದೆ ಸಾಮಿ! ನಮ್ ಉಡ್ಗನ್ ಮದ್ವೆ ಕಾಗ್ದಕ್ಕೂ ಇದ್ನೇ ಆಕ್ಸಾನ!" ಮಾವ ಬೆವರುತ್ತಾ ಮನೆಗೆ ಬಂದರು.

ಅರವತ್ತೆರಡರಲ್ಲಿ ಚೀನಾ ಯುದ್ಧ ಶುರುವಾದಾಗ ನಮ್ಮಣ್ಣ ಗಡಿಯಲ್ಲಿದ್ದ. ಕಾಗದ ನಿಂತುಹೋಯಿತು. ಒಂದು ತಿಂಗಳು, ಎರಡು ತಿಂಗಳು. ಬೀದಿಯಲ್ಲಿ ಸೈಕಲ್ ಬೆಲ್ ಕೇಳಿದರೆ ಸಾಕು, ಅಮ್ಮ ಕೈಯ ಪಾತ್ರೆ ಕೆಳಗಿಟ್ಟು ಬಾಗಿಲಿಗೆ ಬರುತ್ತಿದ್ದಳು. ಟಪಾಲಿನ ಹೊತ್ತಿಗೆ ಸರಿಯಾಗಿ ಮಾವ ದಿನವೂ ಬಂದು ಜಗುಲಿಯಲ್ಲಿ ಕೂರುತ್ತಿದ್ದರು. ನನಗೋ ಒಂದೇ ಯೋಚನೆ: ಇವರೇನಾದರೂ ಬರೆದಿಟ್ಟುಬಿಟ್ಟಿದ್ದರೆ?

ಕೊನೆಗೆ ಅಮ್ಮನೇ ಕೇಳಿದಳು, "ಅಣ್ಣಯ್ಯಾ, ನಮ್ಮುಡುಗನಿಗೂ ಬರೆದಿದ್ದೀಯಾ?"

"ಇಲ್ಲ ಕಣಮ್ಮ. ಅವನ ಹೆಸರು ಬರೆಯೋಕೆ ಹೋದ್ರೆ ಕೈ ಬರಲ್ಲ."

ಅದಾಗಿ ನಾಲ್ಕನೆಯ ದಿನ ಕಾಗದ ಬಂತು. ಅಕ್ಷರ ಅಣ್ಣನದೇ! ಅಮ್ಮನಿಗೆ ಓದು ಬಾರದು. ಮಾವ ಒಡೆದರು, ಓದದೆ ಕನ್ನಡಕ ಒರೆಸುತ್ತಲೇ ಇದ್ದರು. ನಾನೇ ಕಸಿದುಕೊಂಡು ಗಟ್ಟಿಯಾಗಿ ಓದಿದೆ: "ಆಸ್ಪತ್ರೆಯಲ್ಲಿ ಕ್ಷೇಮವಾಗಿದ್ದೇನೆ. ಹಿಮಕ್ಕೆ ಕಾಲಿನ ಎರಡು ಬೆರಳು ಹೋದವು. ಅಮ್ಮನಿಗೆ ಹೇಳಬೇಡಿ."

ಅಮ್ಮ ಎದುರಿಗೇ ನಿಂತಿದ್ದಳು. ಮಾವ ತಂಗಿಯ ಎರಡೂ ಕೈ ಹಿಡಿದುಕೊಂಡು, ಮಗುವಿನ ಹಾಗೆ ಅಳುತ್ತಾ ಹೇಳಿದರು: "ನಡೆಯೋಕೆ ಎಂಟು ಸಾಕು ಕಣಮ್ಮ. ಎಂಟು ಸಾಕು."